ಛತ್ರಿಯ ಕೆಳಗಿನ ಖಾಲಿ ಜಾಗ

ಅಥವಾ ಆ ಪೆಟ್ಟಿಗೆಯ ಬಣ್ಣ ನೀಲಿ ಆಗಿರಲೇ ಇಲ್ಲವೇನೋ. ಕಣ್ಣು ಮುಚ್ಚಿದರೆ ನನಗೆ ಕಾಣುವುದು ನೀಲಿ. ಮ್ಯೂಸಿಯಂನ ಫೈಲಿನಲ್ಲಿ ಮಾತ್ರ ‘ಕಡು ಹಸಿರು, ಅಂಚುಗಳಲ್ಲಿ ಸವೆದಿದೆ’ ಎಂದಿದೆ. ಅದು ನನ್ನದೇ ಕೈಬರಹ. ಫೈಲು ಬರೆದವಳೂ ನಾನೇ, ಈಗ ಕಣ್ಣು ಮುಚ್ಚಿ ಕೂತವಳೂ ನಾನೇ; ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂದು ತಿಳಿಯುತ್ತಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರುವ ಬಣ್ಣಗಳನ್ನು ಅಷ್ಟಾಗಿ ನಂಬಬೇಡಿ. ಮಾತುಗಳನ್ನು ಅರ್ಧ ನಂಬಿ. ನಾನು ಮಾಡಿದ ತಪ್ಪುಗಳನ್ನು ಪೂರ್ತಿ ನಂಬಬಹುದು, ಅವು ಚೆನ್ನಾಗಿ ನೆನಪಿವೆ.

ನಾನು ಇಪ್ಪತ್ತೇಳು ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಂನಲ್ಲಿ ಹಳೆಯ ಕಾಗದಗಳನ್ನು ರಿಪೇರಿ ಮಾಡಿದವಳು. ಯುರೋಪಿನ ಹಳೆಯ ಅಚ್ಚುಚಿತ್ರಗಳು, ಅಂದರೆ ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಚಿತ್ರಗಳು ನನ್ನ ಪಾಲಿಗೆ ಬರುತ್ತಿದ್ದವು. ಹರಿದದ್ದನ್ನು ಕೂಡಿಸುವುದು, ಕಲೆ ತೆಗೆಯುವುದು, ಕೆಲವೊಮ್ಮೆ ಏನೂ ಮಾಡದೆ ಸುಮ್ಮನೆ ಎತ್ತಿಡುವುದು. ಈಚೆಗೆ ಡ್ಯಾನ್‌ವಿಲ್‌ನ ಒಂದು ಕನ್ನಡದ ಮನೆಯ ಹುಡುಗಿ ಅನನ್ಯಾ ಇದೇ ತರಬೇತಿಗೆ ಸೇರಿದಳು. ಸೇರುವ ಮುಂಚೆ ನನ್ನ ಹತ್ತಿರ ಬಂದು, “ಆಂಟಿ, ಬೋರ್ ಆಗಲ್ವಾ? ಐ ಮೀನ್, ಇಡೀ ದಿನ ಪೇಪರ್ ನೋಡೋದು?” ಎಂದು ಕೇಳಿದಳು. ಆಗ ಏನೋ ಹೇಳಿ ಕಳಿಸಿದೆ. ಈಗ ಬರೆಯುತ್ತಿರುವುದು ಅವಳಿಗೆ ಹೇಳಬೇಕಾಗಿದ್ದ ಉತ್ತರ.

ಕೆಲಸಕ್ಕೆ ಸೇರಿದ ಎರಡನೇ ವಾರವೇ ನಾನು ಕೆಲಸ ಕಳೆದುಕೊಳ್ಳಬೇಕಾಗಿತ್ತು. ಧಾರವಾಡದಲ್ಲಿ ನಮ್ಮಪ್ಪನದು ಪುಸ್ತಕ ಕಟ್ಟುವ ಅಂಗಡಿ. ಮೈದಾ ಹಿಟ್ಟು ಕುದಿಸಿ ಅಂಟು ಮಾಡುವಾಗ ಅಪ್ಪ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ತಿನ್ನಬಾರದೆಂದು. ನಮ್ಮ ಕಡೆ ಪುಸ್ತಕ ಕಟ್ಟುವವರೆಲ್ಲ ಹಾಗೆಯೇ ಮಾಡುತ್ತಿದ್ದರು. ಲ್ಯಾಬಿನಲ್ಲೂ ಗೋಧಿಯ ಅಂಟೇ. ನಲವತ್ತು ನಿಮಿಷ ಕೈ ಬಿಡದೆ ತಿರುವಿ, ಆರಿಸಿ, ಸಣ್ಣ ಜರಡಿಯಲ್ಲಿ ಮೂರು ಸಲ ಸೋಸಬೇಕು. ನನ್ನ ಮೇಲಧಿಕಾರಿ ಹೆಲೆನ್ ಒಂದು ದಿನ ಅಂಟು ಮಾಡಿಡಲು ಹೇಳಿದರು. ಇದರಲ್ಲಿ ಮೈಲುತುತ್ತ ಇಲ್ಲವಲ್ಲ, ಪಾಪ ಇವರಿಗೆ ಗೊತ್ತಿಲ್ಲ ಅಂದುಕೊಂಡೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚರಂಡಿ ಪೈಪಿಗೆ ನುಗ್ಗುವ ಮರದ ಬೇರು ಸಾಯಿಸಲು ಅದೇ ನೀಲಿ ಹರಳು ಡಬ್ಬಿಯಲ್ಲಿ ಮಾರುತ್ತಾರೆ. ತಂದು ಒಂದು ಚಿಟಿಕೆ ಹಾಕಿದೆ. ಎರಡು ಚಿಟಿಕೆಯೂ ಇರಬಹುದು.

ಹೆಲೆನ್ ಮರುದಿನ ಬಟ್ಟಲಿನ ಮುಚ್ಚಳ ತೆಗೆದು ಒಳಗೆ ನೋಡಿದರು.

“ಗಿರಿಜಾ, ನನ್ನ ಅಂಟು ಯಾಕೆ ಆಕಾಶದ ಬಣ್ಣಕ್ಕಿದೆ?”

ನಾನು ಹೆಮ್ಮೆಯಿಂದ ವಿವರಿಸಿದೆ. ಅವರು ಬೈಯಲಿಲ್ಲ. ಒಳಗಿನಿಂದ ಒಂದು ಹಳೆಯ ಭೂಪಟ ತಂದು ಬೆಳಕಿಗೆ ಹಿಡಿದರು. ಅದರಲ್ಲಿ ಕಾಡುಗಳಿಗೆಲ್ಲ ತಾಮ್ರದಿಂದ ಮಾಡಿದ ಹಸಿರು ಬಣ್ಣ ಬಳಿದಿದ್ದರು. ಕಾಡಿದ್ದ ಕಡೆಯಲ್ಲೆಲ್ಲ ಕಾಗದ ಕಂದಿ ಉದುರಿ ತೂತಾಗಿತ್ತು. ತಾಮ್ರ ಕಾಗದವನ್ನು ನಿಧಾನಕ್ಕೆ ಸುಡುತ್ತದೆ, ಮೈಲುತುತ್ತವೂ ತಾಮ್ರದ್ದೇ ಎಂದು ಆಗ ತಿಳಿಯಿತು. ಆ ಅಂಟು ಇನ್ನೂ ಯಾವ ಚಿತ್ರಕ್ಕೂ ತಾಗಿರಲಿಲ್ಲ, ಹಾಗಾಗಿ ಉಳಿದುಕೊಂಡೆ. ಹೆಲೆನ್ ಅದನ್ನು ಚೆಲ್ಲದೆ ಒಂದು ಸೀಸೆಗೆ ತುಂಬಿ, ಮೇಲೆ ‘ಧಾರವಾಡ’ ಎಂದು ಚೀಟಿ ಅಂಟಿಸಿ ಶೆಲ್ಫಿನಲ್ಲಿಟ್ಟರು. ಹೊಸಬರು ಬಂದಾಗಲೆಲ್ಲ ಅದರ ಕಥೆ ಹೇಳುವ ಕೆಲಸ ನನ್ನದಾಯಿತು. ಅಪ್ಪನಿಗೆ ಫೋನು ಮಾಡಿ ಹೇಳಿದರೆ ಅವರಿಗೆ ನನ್ನ ಮೇಲಲ್ಲ, ಈ ದೇಶದ ಮೇಲೆ ಸಂಶಯ ಬಂತು. “ಹಂಗಾರ ನಿಮ್ಮ ಊರಾಗ ಹುಳಾನ ಇಲ್ಲೇನ?” ಎಂದರು.

ಈಗ ಆ ಚಿತ್ರದ ವಿಷಯ. ಎರಡೂವರೆ ಶತಮಾನದ ಹಿಂದೆ ಯುರೋಪಿನ ಶ್ರೀಮಂತರಿಗೆ ಚೀನಾದ ಹುಚ್ಚು ಹಿಡಿದಿತ್ತು. ಚೀನಾದ ಮೆರುಗೆಣ್ಣೆಯ ಪೆಟ್ಟಿಗೆ, ಪಿಂಗಾಣಿ, ರೇಷ್ಮೆ ಎಲ್ಲ ಬೇಕು, ಆದರೆ ದುಬಾರಿ. ಅಚ್ಚುಗಾರರು ಒಂದು ಉಪಾಯ ಕಂಡುಕೊಂಡರು. ಚೀನಾವನ್ನು ಕಣ್ಣಿಂದ ನೋಡದವರೇ ಮನಸ್ಸಿಗೆ ಬಂದ ಹಾಗೆ ಚೀನಾ ಬರೆದು, ಅಚ್ಚು ಹಾಕಿ, ಹಾಳೆಗಟ್ಟಲೆ ಮಾರಿದರು. ಮನೆಯ ಹೆಂಗಸರು ಅದಕ್ಕೆ ಬಣ್ಣ ಹಾಕಿ, ಕತ್ತರಿಸಿ, ಮರದ ಪೆಟ್ಟಿಗೆಗಳಿಗೆ ಅಂಟಿಸಿ, ಮೇಲೆ ಪದರ ಪದರವಾಗಿ ವಾರ್ನಿಶ್ ಬಳಿಯುತ್ತಿದ್ದರು. ದೂರದಿಂದ ನೋಡಿದರೆ ಚೀನಾದ ಪೆಟ್ಟಿಗೆಯೇ.

ಹತ್ತಿರದಿಂದ ನೋಡಿದರೆ ನಗು ಬರುತ್ತದೆ. ತೆಂಗಿನ ಮರಕ್ಕಿಂತ ದೊಡ್ಡ ಚಿಟ್ಟೆ. ನೀರಿಲ್ಲದ ಕಡೆ ಸೇತುವೆ. ಮನೆಯ ಮೂಲೆಮೂಲೆಗೆ ಗಂಟೆ. ಒಂದು ಹಾಳೆಯಲ್ಲಿ ಚೀನಾದವನೆಂದು ಬರೆದ ಮನುಷ್ಯ ಅಚ್ಚುಕಟ್ಟಾಗಿ ಕಚ್ಚೆ ಪಂಚೆ ಉಟ್ಟು ಆನೆಯ ಪಕ್ಕ ನಿಂತಿದ್ದ. ಅವನ ಹೊಟ್ಟೆಯೂ ನಿಲುವೂ ನಮ್ಮ ಸೋದರಮಾವನದೇ. ಅವರಿಗೆ ಇಂಡಿಯಾ, ಚೀನಾ ಎಲ್ಲ ಒಂದೇ ಓಣಿ. ಮೊದಲ ವರ್ಷ ಇದರ ಮೇಲೆ ನನಗೆ ಸಿಟ್ಟಿತ್ತು. ಆಮೇಲೆ ಆ ಗೆರೆಗಳನ್ನು ಭೂತಗನ್ನಡಿಯಲ್ಲಿ ದಿನಗಟ್ಟಲೆ ನೋಡಿ ಸಿಟ್ಟು ಕರಗಿತು. ಗೊತ್ತಿಲ್ಲದ ಊರನ್ನು ಅಷ್ಟು ಸಂತೋಷದಿಂದ ಕೊರೆದ ಕೈಯ ಮೇಲೆ ಎಷ್ಟು ದಿನ ಕೋಪ ಇಟ್ಟುಕೊಳ್ಳುವುದು?

ಹೆಲೆನ್‌ರ ಪ್ರೀತಿಯ ಹಾಳೆ ಇಂಥದ್ದೇ ಒಂದು. ಒಂದು ಮಂಟಪ, ಎರಡು ಮರ, ಬಾಗಿ ನಿಂತ ಸೇವಕ, ಅವನ ಕೈಯಲ್ಲಿ ಜಾಲರಿಯ ದೊಡ್ಡ ಛತ್ರಿ. ಛತ್ರಿಯ ಕೆಳಗೆ ತೂತು. ಅಲ್ಲಿ ಕೂತಿದ್ದವರನ್ನು ಆ ಕಾಲದಲ್ಲೇ ಯಾರೋ ಕತ್ತರಿಸಿ ತೆಗೆದುಕೊಂಡು ಹೋಗಿದ್ದರು. ಸೇವಕ ಎರಡೂವರೆ ಶತಮಾನದಿಂದ ಶೂನ್ಯಕ್ಕೆ ನೆರಳು ಹಿಡಿದು ನಿಂತಿದ್ದ. ಇದೇ ಚಿತ್ರದ ಪೂರ್ತಿ ಪ್ರತಿಗಾಗಿ ಹೆಲೆನ್ ಊರೂರಿನ ಮ್ಯೂಸಿಯಂಗಳಿಗೆ ಕಾಗದ ಬರೆದಿದ್ದರು, ಎಲ್ಲೂ ಸಿಕ್ಕಿರಲಿಲ್ಲ. ತೂತಿನ ಆಕಾರ ನೋಡಿ ಅವರು ಒಂದು ಭಾಷಣದಲ್ಲಿ ಹೇಳಿಯೂ ಬಿಟ್ಟಿದ್ದರು: ಕೂತಿದ್ದವಳು ಉನ್ನತ ಮನೆತನದ ಮಹಿಳೆ, ಪಕ್ಕಕ್ಕೆ ಬಾಗಿದ ಆ ತೆಳು ಸೀಳು ಅವಳ ಹುಕ್ಕಾದ ನಳಿಗೆ. ದಿನಾ ಬೆಳಗ್ಗೆ ಲ್ಯಾಬಿಗೆ ಬಂದವರೇ ಛತ್ರಿಯ ಮೇಡಂ ಬಂದರಾ ಎಂದು ನನ್ನನ್ನು ಕೇಳುವರು. ಇನ್ನೂ ರಜೆಯಲ್ಲಿದ್ದಾರೆ ಎಂದು ನಾನು ಹೇಳಬೇಕು. ವರ್ಷಗಟ್ಟಲೆ ನಡೆದ ತಮಾಷೆ ಇದು. ಹೆಲೆನ್ ನಿವೃತ್ತರಾಗುವ ವರ್ಷ ಬಂದಾಗ ಮಾತ್ರ ಅದರ ದನಿ ಬದಲಾಯಿತು. ಛತ್ರಿಯ ಕೆಳಗೆ ಯಾರಿದ್ದರು ಎಂದು ತಿಳಿಯದೆ ಆ ಕೋಣೆಯಿಂದ ಹೊರಡಲು ಅವರಿಗೆ ಇಷ್ಟವಿರಲಿಲ್ಲ. ಹಾಗೆ ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಗುತ್ತಿತ್ತು.

ಆ ಶರತ್ಕಾಲದಲ್ಲಿ ಹಾಳೆಯ ಹಿಂಭಾಗ ಗಟ್ಟಿ ಮಾಡುವ ಕೆಲಸ ನನ್ನದಾಗಿತ್ತು. ಅದು ಮೇಜಿನ ಮೇಲೆ ಬೋರಲಾಗಿ ಮಲಗಿತ್ತು. ಹಾಗೆಯೇ ಒಂದು ಪಾರದರ್ಶಕ ಹಾಳೆ ಇಟ್ಟು ತೂತಿನ ಅಂಚಿನ ಗೆರೆಯನ್ನು ಪೆನ್ನಿನಿಂದ ಬರೆದುಕೊಂಡೆ, ಮೂಲೆಯಲ್ಲಿ ನಂಬರು ಬರೆದೆ.

ಅದೇ ವಾರ ಮ್ಯೂಸಿಯಂನಲ್ಲಿ ಊರವರಿಗಾಗಿ ಒಂದು ದಿನ. ಮನೆಯಲ್ಲಿರುವ ಹಳೆಯ ವಸ್ತು ಯಾರು ಬೇಕಾದರೂ ತಂದು ತೋರಿಸಬಹುದು. ಮಧ್ಯಾಹ್ನ ಒಬ್ಬ ವಯಸ್ಸಾದ ಚೀನೀ ಮೂಲದವರು ಕಿರಾಣಿ ಚೀಲದಲ್ಲಿ ಒಂದು ಪೆಟ್ಟಿಗೆ ತಂದರು. ಗಿಯರಿ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟಾಪಿನ ಹೆಸರುಗಳನ್ನು ಹಾಡಿ ಹೇಳುತ್ತಿದ್ದೆ ಎಂದು ನನಗೆ ಎರಡು ಸ್ಟಾಪು ಹಾಡಿಯೂ ತೋರಿಸಿದರು. ಅವರ ತಾಯಿ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದರಂತೆ. ಆ ಮನೆಯೊಡತಿ ಕೊಟ್ಟ ಪೆಟ್ಟಿಗೆ. ತಾಯಿ ಅದರಲ್ಲಿ ಗುಂಡಿಗಳನ್ನು ಇಡುತ್ತಿದ್ದರು. ಪೆಟ್ಟಿಗೆಯ ಮೈತುಂಬ ಕತ್ತರಿಸಿ ಅಂಟಿಸಿದ ಅಚ್ಚುಚಿತ್ರಗಳು. ಮುಚ್ಚಳದ ಮೇಲಿನ ಒಂದು ಆಕೃತಿಯ ಅಂಚು ನಮ್ಮ ತೂತಿನ ಹಾಗೆಯೇ ಕಂಡಿತು. ಓಡಿಹೋಗಿ ನನ್ನ ಪಾರದರ್ಶಕ ಹಾಳೆ ತಂದು, ನಂಬರು ನೆಟ್ಟಗೆ ಕಾಣುವ ಹಾಗೆ ಅದರ ಮೇಲಿಟ್ಟೆ. ಎಲ್ಲೂ ಕೂಡಲಿಲ್ಲ. ಆಕೃತಿ ಮಂಗನದು ಬೇರೆ. ಟೋಪಿ, ನಿಲುವಂಗಿ ಹಾಕಿಕೊಂಡು ಚಹಾ ಕುಡಿಯುತ್ತಿತ್ತು. ನಮಗೆ ಬೇಕಾಗಿದ್ದದ್ದು ಮಹಿಳೆ. ಚೆನ್ನಾಗಿದೆ, ಬಿಸಿಲಿಗೆ ಇಡಬೇಡಿ, ಮ್ಯೂಸಿಯಂಗೆ ಬೇಕಾದ್ದೇನಲ್ಲ ಎಂದು ಹೇಳಿ ಕಳಿಸಿದೆ. ಹೆಸರು ಬರೆದುಕೊಳ್ಳಲಿಲ್ಲ.

ಅದಾದ ಮೇಲೆ ಬಂದ ಶನಿವಾರ. ಹಾಸನದಿಂದ ಬಂದಿದ್ದ ನಮ್ಮ ಅತ್ತೆ ಊಟದ ಮೇಜಿನ ಮೇಲೆ ಜರಿ ಬಟ್ಟೆ ಹರಡಿಕೊಂಡು, ಕಾಗದದ ಅಳತೆ ಇಟ್ಟು ನನಗೆ ರವಿಕೆ ಕತ್ತರಿಸುತ್ತಿದ್ದರು. ಇದ್ದಕ್ಕಿದ್ದಂತೆ ಕತ್ತರಿ ಕೆಳಗಿಟ್ಟು ತಲೆಗೆ ಕೈ ಹಚ್ಚಿದರು.

“ಎರಡೂ ಬಲಗೈಗೇ ಕತ್ತರಿಸ್‌ಬಿಟ್ನಲ್ಲಮ್ಮ. ಪೇಪರು ಮಗುಚಿ ಹಾಕೋದೇ ಮರ್ತೋಯ್ತು.”

“ಏನಂದ್ರಿ, ಅತ್ತಿ?”

“ಮಗುಚ್‌ಬೇಕಿತ್ತು ಕಣಮ್ಮ. ಒಂದು ತೋಳು ಹಿಂಗಿದ್ರೆ ಇನ್ನೊಂದು ಹಂಗಿರ್ಬೇಕಲ್ಲ. ಇನ್ನೊಂದು ಬಲಗೈ ಇದ್ರೆ ಹೇಳು, ಹಾಕಿ ಹೊಲೀತೀನಿ.”

ನನಗೆ ನಗಲಾಗಲಿಲ್ಲ. ಹಾಳೆ ಬೋರಲಾಗಿತ್ತು. ನಾನು ತೂತಿನ ಅಂಚನ್ನು ಹಿಂದಿನಿಂದ ಬರೆದುಕೊಂಡಿದ್ದೆ. ಪಾರದರ್ಶಕ ಹಾಳೆಯನ್ನು ಮಗುಚಿ ಇಡಬೇಕಾಗಿತ್ತು. ಅಚ್ಚಿನ ಕೆಲಸದವರಿಗೆ ಮಾತ್ರ ಬರುವ ರೋಗ ಇದು. ತಗಡಿನಲ್ಲಿ ಎಡಕ್ಕಿರುವುದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ದಿನವಿಡೀ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೊನೆಗೆ ಎಡ ಬಲವೆಂಬ ಎಚ್ಚರವೇ ಹೋಗುತ್ತದೆ. ಹುಕ್ಕಾದ ನಳಿಗೆ ಬಾಲವಾಗಿರಬಹುದೇ?

ಲ್ಯಾಬು ತೆರೆಯುವುದು ಸೋಮವಾರ. ನನ್ನ ಗಂಡ ರಮೇಶ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧಿ ಲ್ಯಾಬಿನವನು, ಪ್ರಯೋಗ ತಪ್ಪಿದಾಗ ನೆನಪಿರುವಾಗಲೇ ಬರೆದಿಡಬೇಕು ಎನ್ನುವವನು. ಅವನ ಮಾತು ಕೇಳಿ ಮಂಗನ ಚಿತ್ರ ಬರೆಯಲು ಕೂತೆ. ಶನಿವಾರದ ಮಂಗನಿಗೆ ಟೋಪಿಯಿತ್ತು. ಭಾನುವಾರ ಬೆಳಗಿನ ಮಂಗನಿಗೆ ಇರಲಿಲ್ಲ. ಸಂಜೆಯದಕ್ಕೆ ಬಟ್ಟಲು ಇನ್ನೊಂದು ಕೈಗೆ ಹೋಗಿತ್ತು. ಬಾಲ ಮೂರರಲ್ಲೂ ಇತ್ತು, ಆದರೆ ಅದು ಕಂಡ ಬಾಲವೋ, ನನಗೆ ಬೇಕಾಗಿ ಹುಟ್ಟಿದ ಬಾಲವೋ ಹೇಳಲಾರೆ. ಆಗಲೂ ಹೇಳಲಾಗಲಿಲ್ಲ.

ಸೋಮವಾರ ಮೂರೂ ಚಿತ್ರಗಳನ್ನು ಹೆಲೆನ್‌ರ ಮುಂದಿಟ್ಟು ಎಲ್ಲ ಹೇಳಿದೆ. ಹೆಸರು ಬರೆದುಕೊಳ್ಳಲಿಲ್ಲ ಎನ್ನುವುದನ್ನು ಕೊನೆಗೆ ಹೇಳಿದೆ. ಅವರು ಪಾರದರ್ಶಕ ಹಾಳೆಯನ್ನು ಮಗುಚಿ, ಮತ್ತೆ ಮಗುಚಿ ನೋಡಿದರು.

“ಮಂಗ,” ಎಂದರು. “ಅಂದರೆ ನಾನು ಹದಿನೇಳು ವರ್ಷದಿಂದ ಒಂದು ಬಾಲಕ್ಕೆ ಹುಕ್ಕಾ ಅಂತ ಹೇಳ್ಕೊಂಡು ಬಂದಿದೀನಿ.”

ಆಮೇಲೆ ನಕ್ಕರು ನೋಡಿ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕರು. ತನ್ನ ಭಾಷಣ ತಪ್ಪೆಂದು ತಿಳಿದು ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಗು ನಿಂತ ಮೇಲೆ, ಕೆಲಸದಲ್ಲಿ ನನಗುಳಿದಿರುವುದು ಐದೇ ವಾರ, ಆ ಪೆಟ್ಟಿಗೆಯವರನ್ನು ಹುಡುಕು ಎಂದರು.

ಹುಡುಕಲು ನಮ್ಮಲ್ಲಿದ್ದದ್ದು ಒಂದು ಬಸ್ಸಿನ ಮಾರ್ಗ ಮತ್ತು ಎರಡು ಸ್ಟಾಪಿನ ಹಾಡು. ಹೆಲೆನ್ ಇರುವುದು ಪಾಲೋ ಆಲ್ಟೋದಲ್ಲಿ, ಫ್ರೀವೇ ಮೇಲೆ ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರು. ಈ ಊರಿನ ಬಸ್ಸು ಹತ್ತಿದವರೇ ಅಲ್ಲ. ಮೂರು ದಿನ ಊಟದ ಬಿಡುವಿನಲ್ಲಿ ನಾವಿಬ್ಬರೂ ಗಿಯರಿ ಬಸ್ಸಿನಲ್ಲಿ ಆಚೆ ತುದಿಯಿಂದ ಈಚೆ ತುದಿಗೆ ಹೋಗಿ ಬಂದೆವು. ಬಸ್ಸು ನಿಂತಾಗ ಡ್ರೈವರಿಗೆ ಆ ಹಾಡು ಹಾಡಿ ತೋರಿಸುವ ಕೆಲಸ ನನ್ನದು. ನನ್ನ ದನಿಯಲ್ಲಿ ಅದು ಯಾರಿಗೂ ಗುರುತು ಸಿಗಲಿಲ್ಲ. ಮೂರನೇ ದಿನ ಹೆಲೆನ್ ತಾವೇ ಹಾಡಿದರು, ಇನ್ನೂ ಕೆಟ್ಟದಾಗಿ. ಆ ಬಸ್ಸಿನ ಡ್ರೈವರಮ್ಮ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಅದು ಚಾನ್ ಅಲ್ಲವೇ, ಅವನ ಹಾಡಿನ ಮಾನ ಕಳೆಯಬೇಡಿ ಎಂದಳು. ವಿಳಾಸ ಕೊಡಲಿಲ್ಲ, ಹೆಲೆನ್‌ರ ಕಾರ್ಡು ಇಟ್ಟುಕೊಂಡಳು. ಸಂಜೆ ಫೋನು ಬಂತು.

ಮಿಸ್ಟರ್ ಚಾನ್ ಅವರ ಮನೆ ರಿಚ್ಮಂಡ್ ಬಡಾವಣೆಯಲ್ಲಿ. ಅವರ ಹೆಂಡತಿ ಬಾಗಿಲು ತೆರೆದರು. ಪೆಟ್ಟಿಗೆ ಊಟದ ಮೇಜಿನ ಮೇಲೆ ಹಣ್ಣಿನ ಬುಟ್ಟಿಯ ಪಕ್ಕದಲ್ಲಿತ್ತು. ಮುಚ್ಚಳದ ತುಂಬ, ಕಿತ್ತಳೆ, ಸೇಬು, ಕಿವಿ ಹಣ್ಣುಗಳಿಗೆ ಅಂಗಡಿಯವರು ಹಚ್ಚುವ ಪುಟ್ಟ ಚೀಟಿಗಳು. ಮ್ಯೂಸಿಯಂಗೆ ಬೇಕಾದ್ದೇನಲ್ಲ ಎಂದು ನಾನು ಹೇಳಿ ಕಳಿಸಿದ್ದೆನಲ್ಲ, ಆ ದಿನದಿಂದ ಮಿಸೆಸ್ ಚಾನ್ ತಿಂದ ಹಣ್ಣಿನ ಚೀಟಿಯನ್ನು ಸುಲಿದು ಅದಕ್ಕೆ ಅಂಟಿಸುತ್ತ ಬಂದಿದ್ದರು. ಮಂಗನ ಮೂತಿಯ ಮುಂದೆ ಸರಿಯಾಗಿ ಬಾಳೆಹಣ್ಣಿನ ಚೀಟಿ.

ಇದು ಬೇಕೆಂದೇ ಅಂಟಿಸಿದ್ದೇ ಎಂದು ಹೆಲೆನ್ ಬಹಳ ಗೌರವದಿಂದ ಕೇಳಿದರು.

“ಮತ್ತೆ? ಬರೀ ಚಹಾ ಕುಡಿದು ಎಷ್ಟು ದಿನ ಇರತ್ತೆ ಅದು?” ಎಂದರು ಮಿಸೆಸ್ ಚಾನ್. ನನ್ನ ಮುಖ ನೋಡಿ, “ಅದೂ ಅಂಟಿಸಿದ್ದೇ, ಇದೂ ಅಂಟಿಸಿದ್ದೇ. ಅದಕ್ಕೆ ಯಾರೂ ಏನೂ ಅನ್ನಲ್ಲ.”

ಆ ಚಿತ್ರಗಳು ಚೀನಾದ್ದಲ್ಲ, ಯುರೋಪಿನವರ ಕಲ್ಪನೆ ಎಂದು ನಾನು ಎಚ್ಚರಿಕೆಯಿಂದ ವಿವರಿಸತೊಡಗಿದೆ. ಅದು ನಮ್ಮಮ್ಮನಿಗೆ ಮೊದಲ ದಿನವೇ ಗೊತ್ತಿತ್ತು ಎಂದರು ಮಿಸ್ಟರ್ ಚಾನ್. ಆ ಚಿತ್ರದ ಊರಿಗೆ ಹೋಗುವ ಬಸ್ಸಿಲ್ಲ ಎಂದು ತಾಯಿಗೆ ಅವರೇ ಹೇಳಿದ್ದರಂತೆ.

ಹೆಲೆನ್ ಪಾರದರ್ಶಕ ಹಾಳೆಯನ್ನು ಮಗುಚಿ ಮಂಗನ ಮೇಲೆ ಇಳಿಸಿದರು. ಟೋಪಿ ಕೂತಿತು. ಬಟ್ಟಲು ಹಿಡಿದ ಕೈ ಕೂತಿತು. ಬಾಲ ತನ್ನ ಸುರುಳಿಯ ತುದಿಯವರೆಗೂ ಗೆರೆಯೊಳಗೇ ಹೋಗಿ ಕೂತಿತು. ಯಾರೂ ಉಸಿರಾಡಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಮಿಸೆಸ್ ಚಾನ್ ಕಿತ್ತಳೆ ಸುಲಿಯುತ್ತಿದ್ದರು, ಅದು ನೆನಪಿದೆ. ಮೊಣಕೈ ಹತ್ತಿರ ಮಾತ್ರ ಒಂದು ಕೂದಲಿನಷ್ಟು ಅಂತರ ಉಳಿಯಿತು.

ಆ ಅಂತರಕ್ಕೆ ಎರಡು ಅರ್ಥ. ಅಂಟು ಹಚ್ಚಿದ ಕಾಗದ ಒದ್ದೆಯಾಗಿ ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದ್ದು ಹಾಗೆಯೇ ಒಣಗಿರಬಹುದು. ಹಾಗಾದರೆ ಇದು ನಮ್ಮ ಹಾಳೆಯ ಮಂಗನೇ. ಅಥವಾ ಅದೇ ತಗಡಿನಿಂದ ಅಚ್ಚಾದ ಇನ್ನೊಂದು ಹಾಳೆಯಿಂದ ಇನ್ಯಾರೋ ಅದೇ ಅಂಚು ಹಿಡಿದು ಇದನ್ನು ಕತ್ತರಿಸಿರಬಹುದು. ಛತ್ರಿಯ ಕೆಳಗೆ ಕೂತಿದ್ದದ್ದು ಮಂಗ ಎನ್ನುವುದು ಎರಡರಲ್ಲೂ ನಿಜ. ಈ ಮಂಗನೇ ಎನ್ನುವುದು ಮಾತ್ರ ಬಾಕಿ.

ಖಂಡಿತವಾಗಿ ತಿಳಿಯಲು ದಾರಿ ಇಲ್ಲವೇ ಎಂದು ಮಿಸ್ಟರ್ ಚಾನ್ ಕೇಳಿದರು. ಇದೆ ಎಂದರು ಹೆಲೆನ್. ಆ ಕಾಲದಲ್ಲಿ ಚಿಂದಿಯ ತಿರುಳನ್ನು ತಂತಿಯ ಜರಡಿಯಲ್ಲಿ ನೀರಿನಿಂದ ಎತ್ತಿ ಕಾಗದ ಮಾಡುತ್ತಿದ್ದರು, ತಂತಿಯ ಗುರುತು ಒಳಗೆ ಉಳಿದಿರುತ್ತದೆ. ಮಂಗನನ್ನು ಪೆಟ್ಟಿಗೆಯಿಂದ ಬಿಡಿಸಿ, ಬೆಳಕಿಗೆ ಹಿಡಿದು, ಆ ಗುರುತುಗಳು ನಮ್ಮ ಹಾಳೆಯ ಗುರುತುಗಳಿಗೆ ಕೂಡುತ್ತವೆಯೇ ನೋಡಬೇಕು. ಮರದ ಮೇಲೆ ಅಂಟಿರುವಾಗ ಬೆಳಕು ಹಾಯುವುದಿಲ್ಲ.

“ಹಾಗಾದ್ರೆ ಬಿಡಿಸಿ,” ಎಂದರು ಮಿಸ್ಟರ್ ಚಾನ್. “ನೀವು ಬಸ್ಸಿನಲ್ಲಿ ನನ್ನ ಹಾಡು ಹಾಡಿದವರು. ನಿಮಗೆ ಇಲ್ಲ ಅನ್ನಲ್ಲ.”

ಅನನ್ಯಾ, ಇಲ್ಲಿ ಒಂದು ಮಾತು. ನಾನು ಕೆಲಸಕ್ಕೆ ಸೇರಿದಾಗ ಲ್ಯಾಬಿನಲ್ಲಿ ಕೈ ತಡೆಯುವವರು ಕಡಿಮೆ. ಹಳದಿಯಾದ ಹಾಳೆಯೆಂದರೆ ತೊಳೆದು ಬಿಳಿ ಮಾಡುವುದು, ಅಂಟಿದ್ದೆಂದರೆ ಬಿಡಿಸುವುದು. ನಾನೂ ಒಂದು ಹಾಳೆಯನ್ನು ಹಾಗೆ ತೊಳೆದು, ಯಾರೋ ಬಳಿದಿದ್ದ ನಸುಗೆಂಪು ಆಕಾಶವನ್ನೆಲ್ಲ ನೀರಿಗೆ ಬಿಟ್ಟಿದ್ದೇನೆ. ವರ್ಷಗಳು ಕಳೆದಂತೆ ಮೊದಲು ಕೇಳುವ ಪ್ರಶ್ನೆಯೇ ಬದಲಾಯಿತು: ಇದನ್ನು ಮುಟ್ಟದೆ ಬಿಡಬಹುದೇ? ಆ ದಿನ ಮಾತ್ರ ಈ ಬದಲಾವಣೆ ನನಗೂ ಭಾರವೆನಿಸಿತು. ಬಿಡಿಸಿಬಿಡೋಣ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಹೆಲೆನ್ ನನ್ನ ಕಡೆ ತಿರುಗಿ, ಬಿಡಿಸಿದರೆ ಏನಾಗುತ್ತದೆ ಎಂದು ಕೇಳಿದರು. ಅವರಿಗೆ ಗೊತ್ತಿಲ್ಲದ್ದಲ್ಲ. ವಾರ್ನಿಶ್ ಗಾಜಿನಷ್ಟು ಗಡುಸಾಗಿದೆ, ಮೈ ಬಂದರೂ ಬಾಲ ಪುಡಿಯಾಗುತ್ತದೆ ಎಂದೆ.

ಹೆಲೆನ್ ಪಾರದರ್ಶಕ ಹಾಳೆಯನ್ನು ಮಂಗನ ಮೇಲಿಂದ ಎತ್ತಿಕೊಂಡರು.

“ಬೇಡ. ಬಾಲ ಹೋದರೆ ಇದು ಮತ್ತೆ ನನ್ನ ಮಹಿಳೆ ಆಗಿಬಿಡತ್ತೆ.”

ಮಿಸೆಸ್ ಚಾನ್ ಅವರ ಕೈಗೆ ಅರ್ಧ ಕಿತ್ತಳೆ ಕೊಟ್ಟರು.

ಹೆಲೆನ್‌ರ ಕೊನೆಯ ವಾರ ಹಾಳೆಯೂ ಪೆಟ್ಟಿಗೆಯೂ ಒಂದೇ ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕೆ ಬಂದವು. ಹಣ್ಣಿನ ಚೀಟಿಗಳನ್ನು ತೆಗೆಯಬೇಕೆಂದು ಮೇಲಿನವರು ಹೇಳಿದರು. ತೆಗೆದರೆ ಪೆಟ್ಟಿಗೆಯೇ ಬರುವುದಿಲ್ಲ ಎಂದು ಮಿಸೆಸ್ ಚಾನ್ ಹೇಳಿ ಕಳಿಸಿದರು. ಚೀಟಿಗಳು ಉಳಿದವು. ವಿವರದ ಫಲಕದಲ್ಲಿ ‘ಬಹುಶಃ’ ಎಂಬ ಪದ ಇರಬೇಕೋ ಬೇಡವೋ ಎಂದು ಎರಡು ಮೀಟಿಂಗು ನಡೆದವು, ಅದೂ ಉಳಿಯಿತು. ಅತ್ತೆ ಮತ್ತೊಮ್ಮೆ ಬಟ್ಟೆ ತಂದು ಹೊಲಿದ ರವಿಕೆ ತೊಟ್ಟು ನಾನು ಹೋಗಿದ್ದೆ. ಮಿಸ್ಟರ್ ಚಾನ್ ಕಪಾಟಿನ ಮುಂದೆ ನಿಂತು ಗಿಯರಿ ರಸ್ತೆಯ ಸ್ಟಾಪುಗಳನ್ನು ಸಮುದ್ರದವರೆಗೂ ಹಾಡಿದರು. ಬಸ್ಸಿನ ಡ್ರೈವರಮ್ಮ ಚಪ್ಪಾಳೆ ತಟ್ಟಿದಳು. ಹೆಲೆನ್ ಬಂದವರಿಗೆಲ್ಲ ತಮ್ಮ ಹಳೆಯ ಭಾಷಣ ಹೇಗೆ ತಪ್ಪೆಂದು ಹೇಳುತ್ತ ಓಡಾಡಿದರು.

ಪ್ರದರ್ಶನ ಮುಗಿದ ಮೇಲೆ ಪೆಟ್ಟಿಗೆ ಚಾನ್ ಅವರ ಮನೆಗೆ ಹೋಯಿತು, ಹಾಳೆ ನಮ್ಮ ಡ್ರಾಯರಿಗೆ. ಹೆಲೆನ್ ನಿವೃತ್ತರಾದ ನಂತರ ಹನ್ನೆರಡು ವರ್ಷ ನಾನು ಅಲ್ಲಿ ಕೆಲಸ ಮಾಡಿದೆ. ಆ ಚಿತ್ರದ ಇನ್ನೊಂದು ಪ್ರತಿ ಎಲ್ಲಿಯೂ ಕಾಣಲಿಲ್ಲ. ಮರದ ಮೇಲಿರುವ ಕಾಗದದೊಳಗಿನ ಗುರುತು ನೋಡುವ ಯಂತ್ರ ಬಂದೀತೆಂದು ಕಾದೆ. ನನ್ನ ಕಾಲದಲ್ಲಿ ನಮ್ಮ ಲ್ಯಾಬಿಗೆ ಬರಲಿಲ್ಲ. ಆ ಮಂಗ ಆ ಹಾಳೆಯಿಂದಲೇ ಹೊರಟದ್ದೋ, ಅಥವಾ ಇನ್ನೆಲ್ಲೋ ಇನ್ನೊಬ್ಬ ಸೇವಕ ಇನ್ನೊಂದು ಛತ್ರಿ ಹಿಡಿದು ನಿಂತಿದ್ದಾನೋ, ನನಗೆ ಗೊತ್ತಿಲ್ಲ.